ಇಕ್ಮಿಕ್ ಡಬ್ಬಿಯ ಡಾಕ್ಟರು

ನಿಪ್ಪಾಣಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಎತ್ತರದ ಹಿತ್ತಾಳೆ ಡಬ್ಬಿಯೊಂದಿತ್ತು. ಒಳಗೆ ಟಿಫಿನ್ ಕ್ಯಾರಿಯರ್‌ನಂತೆ ಒಂದರ ಮೇಲೊಂದು ಕೂರುವ ಪಾತ್ರೆಗಳು, ತಳದಲ್ಲಿ ಇದ್ದಿಲು ತುಂಬುವ ಪುಟ್ಟ ಒಲೆ. ಕಂದಾಯ ಇಲಾಖೆಯಲ್ಲಿದ್ದ ಅಜ್ಜನವರು ಚಿಕ್ಕೋಡಿ, ಅಥಣಿ ಕಡೆಯ ಹಳ್ಳಿಗಳಿಗೆ ಕ್ಯಾಂಪು ಹೋದಾಗ ಅದೇ ಅವರ ಅಡುಗೆಮನೆ. ಬೆಳಿಗ್ಗೆ ಅಕ್ಕಿ, ಬೇಳೆ, ಕಾಯಿಪಲ್ಲೆ ಇಟ್ಟು, ಕೆಂಡ ಹಾಕಿ ಹೊರಟರೆ ಮರಳುವ ಹೊತ್ತಿಗೆ ಬಿಸಿಯೂಟ ಸಿದ್ಧ. ಅವರು ಅದನ್ನು ಇಕ್ಮಿಕ್ ಎನ್ನುತ್ತಿದ್ದರು. ಅದರ ಹಿಂದೆ ಒಬ್ಬ ವಿದ್ವಾಂಸರಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ.

ಡಾ. ಇಂದುಮಾಧವ ಮಲ್ಲಿಕ್ 1869ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಗುಪ್ತಿಪಾಡಾದಲ್ಲಿ ಜನಿಸಿದರು. ತತ್ತ್ವಶಾಸ್ತ್ರ, ಭೌತಶಾಸ್ತ್ರ ಎರಡರಲ್ಲೂ ಎಂ.ಎ. ಮಾಡಿ, ಕಾನೂನು ಓದಿ, ಕಲ್ಕತ್ತದ ಬಂಗವಾಸಿ ಕಾಲೇಜಿನಲ್ಲಿ ಪಾಠ ಹೇಳಿ, ಅಷ್ಟಕ್ಕೂ ತೃಪ್ತರಾಗದೆ ವೈದ್ಯರಾದರು. ಚೀನಾಕ್ಕೆ ಹೋಗಿಬಂದು ಬಂಗಾಳಿಯಲ್ಲಿ ಪ್ರವಾಸಕಥನ ಬರೆದರು. ಇಷ್ಟೆಲ್ಲ ಪದವಿ ಗಳಿಸಿದವರು ಅನ್ನ, ಬೇಳೆಗಳ ಗೊಡವೆಗೆ ಹೋಗುವುದು ನಮ್ಮಲ್ಲಿ ಇಂದಿಗೂ ಅಪರೂಪವೇ.

ಪುರಿಯ ಜಗನ್ನಾಥ ದೇವಾಲಯದಲ್ಲಿ ಮಡಕೆಯ ಮೇಲೆ ಮಡಕೆಯಿಟ್ಟು ಹಬೆಯಲ್ಲಿ ಪ್ರಸಾದ ಬೇಯಿಸುವುದನ್ನು ಕಂಡಾಗ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1910ರಲ್ಲಿ ಇಕ್ಮಿಕ್ ಕುಕರ್ ರೂಪುಗೊಂಡಿತು. ಹೈಜೀನಿಕ್, ಇಕನಾಮಿಕ್ ಎಂಬೆರಡು ಪದಗಳ ಬಾಲಗಳನ್ನು ಜೋಡಿಸಿದ ಹೆಸರು ಅದೆಂಬುದು ಪ್ರತೀತಿ. ಕೆಳಗಿನ ಕೆಂಡ ನೀರನ್ನು ಕಾಯಿಸುತ್ತದೆ. ಹಬೆ ಮುಚ್ಚಿದ ಕೊಳವೆಯೊಳಗೇ ಸುತ್ತಾಡಿ ಎಲ್ಲ ಪಾತ್ರೆಗಳನ್ನೂ ಒಟ್ಟಿಗೆ ಬೇಯಿಸುತ್ತದೆ. ಸೀಟಿಯಿಲ್ಲ, ಒತ್ತಡವಿಲ್ಲ, ಕೆಂಡ ತಾನಾಗಿ ಆರುವುದರಿಂದ ಸೀದುಹೋಗುವ ಭಯವೂ ಕಡಿಮೆ.

ಅರ್ಥಶಾಸ್ತ್ರ ಓದಿದವನಾದ್ದರಿಂದ ನನಗೆ ಕಾಣುವುದು ಬೇರೊಂದು ಲೆಕ್ಕ. ಅಡುಗೆಯ ಖರ್ಚೆಂದರೆ ನಾವು ಉರುವಲನ್ನಷ್ಟೇ ಎಣಿಸುತ್ತೇವೆ. ಒಲೆ ಕಾಯುವವರ ಹೊತ್ತನ್ನು ಎಣಿಸುವುದಿಲ್ಲ. ಮಲ್ಲಿಕರ ಡಬ್ಬಿ ಉಳಿಸಿದ್ದು ಮುಖ್ಯವಾಗಿ ಈ ಹೊತ್ತನ್ನು. ನಮ್ಮೂರಿನ ಬೀಡಿ ಕಟ್ಟುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಅವರು ಕುಳ್ಳಿನ ಕೆಂಡದ ಮೇಲೆ ಕಾಳಿನ ಗಡಿಗೆಯಿಟ್ಟು ಮೊರದ ಮುಂದೆ ಕೂರುತ್ತಿದ್ದರು. ಕೈ ಬಿಡುವಾದಷ್ಟೂ ಕೂಲಿ.

ಆದರೆ ಆ ಡಬ್ಬಿ ಹೆಚ್ಚಾಗಿ ಸೇರಿದ್ದು ಪ್ರವಾಸಿಗಳು, ಒಂಟಿ ನೌಕರರು ಮೊದಲಾದ ಗಂಡಸರ ಕೈಗೆ. ನಮ್ಮ ಮನೆಯಲ್ಲೂ ಹಾಗೆಯೇ. ಅಜ್ಜನವರು ಊರಿಗೆ ಬಂದೊಡನೆ ಇಕ್ಮಿಕ್ ತೊಳೆದು ಅಟ್ಟ ಸೇರುತ್ತಿತ್ತು. ಅಜ್ಜಿ ಹೊಗೆಯ ಮುಂದೆ ಕೂರುತ್ತಿದ್ದರು. ಒಮ್ಮೆಯೂ ಅವರದನ್ನು ಬಳಸಿದ್ದು ನನಗೆ ನೆನಪಿಲ್ಲ. ಬಳಸೆಂದು ಯಾರೂ ಹೇಳಿರಲಿಕ್ಕಿಲ್ಲ.

ಮಲ್ಲಿಕರು 1917ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಕುಕರ್ ಮುಂದೆ ಹಲವು ದಶಕ ಬಾಳಿ, ಪ್ರೆಶರ್ ಕುಕರ್ ಬಂದ ಮೇಲೆ ಮೂಲೆಗುಂಪಾಯಿತು. ಈಗ ವಿದ್ಯುತ್ತಿನ ಸ್ಲೋ ಕುಕರ್‌ಗಳು ಅಂಗಡಿಗೆ ಬಂದಿವೆ. ಸೊಸೆ ಒಂದನ್ನು ತಂದಿದ್ದಾಳೆ. ಬೆಳಿಗ್ಗೆ ಬೇಳೆ ಹಾಕಿ ಕಚೇರಿಗೆ ಹೋಗುತ್ತಾಳೆ. ಅವಳಿಗೆ ತೋರಿಸೋಣವೆಂದು ಹಳೆಯ ಡಬ್ಬಿ ಹುಡುಕಿದೆ. ಮನೆ ಮಾರುವಾಗ ಅದು ತೂಕದ ಲೆಕ್ಕದಲ್ಲಿ ಹಿತ್ತಾಳೆ ವ್ಯಾಪಾರಿಯ ಪಾಲಾಗಿತ್ತಂತೆ.