ಹೆಬ್ಬೆರಳು ಕಲಿಸಿದ ಪಾಠ

ನಲವತ್ತನೇ ವಯಸ್ಸಿನಲ್ಲಿ ಗಿಟಾರ್ ಹಿಡಿದವನು ನಾನು. ಆರು ವರ್ಷವಾಯಿತು. ಈಗಲೂ ಎಫ್ ಕಾರ್ಡ್ ಒತ್ತಿದರೆ ತಂತಿಗಿಂತ ಮೊದಲು ನನ್ನ ಬೆರಳು ನರಳುತ್ತದೆ. ನಾಲ್ಕೇ ತಂತಿ, ಸುಲಭವಿರಬಹುದು ಎಂದು ನಡುವೆ ಒಂದು ಬೇಸ್ ಗಿಟಾರ್ ಕೂಡ ಕೊಂಡೆ. ಅದರಲ್ಲಿ ಮಾಡಿದ ತಪ್ಪು ಇನ್ನೂ ದಪ್ಪನಾಗಿ ಕೇಳಿಸುತ್ತದೆ ಎಂದು ಆಮೇಲೆ ತಿಳಿಯಿತು. ಪುಣೆಯ ನಮ್ಮ ಸೊಸೈಟಿಯಲ್ಲಿ ರಾತ್ರಿ ಹತ್ತಕ್ಕೆ ನುಡಿಸಲು ಕೂತರೆ ಕೆಳಗಿನ ಮನೆಯ ಆಜೋಬಾ ಕೋಲಿನಿಂದ ಸೀಲಿಂಗ್ ಕುಟ್ಟುತ್ತಾರೆ. ಹಾಗೆ ಕುಟ್ಟಿಸಿಕೊಂಡಾಗಲೆಲ್ಲ ನಾನು ವೆಸ್ ಮಾಂಟ್ಗೊಮರಿಯವರನ್ನು ನೆನೆಯುತ್ತೇನೆ.

ಜಾಝ್ ಗಿಟಾರಿನ ಈ ದೊಡ್ಡ ಹೆಸರು ಹುಟ್ಟಿದ್ದು 1923ರ ಮಾರ್ಚ್ 6ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಹನ್ನೆರಡರ ಆಸುಪಾಸಿನಲ್ಲಿ ಅಣ್ಣ ಮಾಂಕ್ ನಾಲ್ಕು ತಂತಿಯ ಟೆನರ್ ಗಿಟಾರ್ ತಂದುಕೊಟ್ಟಿದ್ದ. ನಿಜವಾದ ಹುಚ್ಚು ಹತ್ತಿದ್ದು ಮಾತ್ರ ಇಪ್ಪತ್ತರ ಹೊತ್ತಿಗೆ, ಮದುವೆಯಾದ ಮೇಲೆ. ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್ ಕೇಳಿ ಆರು ತಂತಿಯ ಗಿಟಾರ್ ಮತ್ತು ಆಂಪ್ಲಿಫೈಯರ್ ಕೊಂಡರು. ಗುರುವಿಲ್ಲ, ಸ್ವರಲಿಪಿ ಓದಲು ಬರುವುದಿಲ್ಲ. ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ, ಒಂದೊಂದೇ ಸ್ವರ ಹುಡುಕಿ ಬಾಯಿಪಾಠ ಮಾಡಿದರು. ಅದರ ಬಲದಲ್ಲೇ ಊರಿನ ಕ್ಲಬ್ಬೊಂದರಲ್ಲಿ ಕೆಲಸ ಸಿಕ್ಕಿತು. ಕಲಿತ ಸೋಲೊಗಳನ್ನು ಒಪ್ಪಿಸಿದರೆ ಅವರ ಬಂಡವಾಳ ಮುಗಿಯಿತು, ಮುಂದೆ ಏನೂ ಬಾರದು!

ಅವರಿಗೂ ನೆರೆಹೊರೆಯವರ ಕಾಟ ಇತ್ತು. ಸದ್ದಿನ ಬಗ್ಗೆ ದೂರು ಬಂದಾಗ ಪಿಕ್ ಬಿಟ್ಟು ಬರೀ ಹೆಬ್ಬೆರಳಿನಿಂದ ಮೀಟತೊಡಗಿದರು. ಹೊಂದಾಣಿಕೆಗೆಂದು ಮಾಡಿಕೊಂಡ ಈ ಉಪಾಯವೇ ಅವರ ಗುರುತಾಯಿತು. ಜಗತ್ತು ಮೆಚ್ಚಿದ ಆ ಮೆತ್ತನೆಯ, ದುಂಡನೆಯ ನಾದ ಹುಟ್ಟಿದ್ದು ಪಕ್ಕದ ಮನೆಯವರ ನಿದ್ದೆ ಕೆಡಬಾರದೆಂದು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ ಆಕ್ಟೇವ್ ವಿಧಾನವೂ ಅವರ ಇನ್ನೊಂದು ಗುರುತು. ಅದನ್ನು ಕಲಿಯುವಾಗ ತಲೆನೋವು ಬರುತ್ತಿತ್ತೆಂದು ಅವರೇ ಹೇಳಿಕೊಂಡಿದ್ದರು.

1948ರಿಂದ ಎರಡು ವರ್ಷ ಲಯನೆಲ್ ಹ್ಯಾಂಪ್ಟನ್ ತಂಡದೊಂದಿಗೆ ಊರೂರು ಸುತ್ತಿದರು. ವಿಮಾನವೆಂದರೆ ಭಯ. ತಂಡ ಹಾರಿದರೆ ಇವರು ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ಮನೆ ಸೆಳೆಯಿತು, ವಾಪಸಾದರು. ಅಣ್ಣ ಮಾಂಕ್ ಮುಂದೆ ಅದೇ ತಂಡದಲ್ಲಿ ಆಗಷ್ಟೇ ಬಂದಿದ್ದ ಎಲೆಕ್ಟ್ರಿಕ್ ಬೇಸ್ ನುಡಿಸಿ ಹೆಸರಾದ. ತಮ್ಮ ಊರಲ್ಲಿ ಏಳು ಮಕ್ಕಳ ಸಂಸಾರ ಹೊತ್ತುಕೊಂಡ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಕಾರ್ಖಾನೆ, ರಾತ್ರಿ ಕ್ಲಬ್ಬುಗಳಲ್ಲಿ ಗಿಟಾರ್, ಮಲಗಲು ಸಿಕ್ಕಷ್ಟು ಹೊತ್ತು. ಸುಮಾರು ಒಂದು ದಶಕ ಹೀಗೇ ನಡೆಯಿತು.

1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಇಂಡಿಯಾನಾಪೊಲಿಸ್‌ನ ಕ್ಲಬ್ಬಿನಲ್ಲಿ ಇವರನ್ನು ಕೇಳಿ ಬೆರಗಾಗಿ, ರಿವರ್‌ಸೈಡ್ ರೆಕಾರ್ಡ್ಸ್‌ನ ಆರಿನ್ ಕೀಪ್‌ನ್ಯೂಸ್‌ಗೆ ಸುದ್ದಿ ಮುಟ್ಟಿಸಿದರು. ಅದೇ ಅಕ್ಟೋಬರಿನಲ್ಲಿ ರೆಕಾರ್ಡಿಂಗ್. ವಯಸ್ಸು 36. ಮರುವರ್ಷದ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್' ಆಲ್ಬಂ ಅವರನ್ನು ಅಗ್ರಪಂಕ್ತಿಗೆ ತಂದಿತು. ಅದರ ಬೆನ್ನಿಗೇ ಬಂದ 'ಮೂವಿನ್ ಅಲಾಂಗ್' ಆಲ್ಬಂನಲ್ಲಿ ಬೇಸ್ ಗಿಟಾರನ್ನೂ ಕೈಗೆತ್ತಿಕೊಂಡರು. ಜನ ಹೊಗಳಿದಷ್ಟೂ ಅವರಿಗೆ ಮುಜುಗರ. ಸ್ಟುಡಿಯೊದಲ್ಲಿ ತಮ್ಮ ನುಡಿಸಾಣಿಕೆ ತಮಗೇ ಒಪ್ಪಿಗೆಯಾಗುತ್ತಿರಲಿಲ್ಲ. ಹಿಂದೆ ಇದಕ್ಕಿಂತ ಚೆನ್ನಾಗಿ ನುಡಿಸುತ್ತಿದ್ದೆ ಎಂಬರ್ಥದ ಮಾತನ್ನೂ ಆಡುತ್ತಿದ್ದರು. ಸ್ವರಲಿಪಿ ಬಾರದ ಸಂಕೋಚ ಕೊನೆಯವರೆಗೂ ಉಳಿಯಿತು.

ಕೊನೆಯ ವರ್ಷಗಳಲ್ಲಿ ಜನಪ್ರಿಯ ಹಾಡುಗಳನ್ನು ವಾದ್ಯವೃಂದದೊಂದಿಗೆ ನುಡಿಸಿದರು. ಗ್ರ್ಯಾಮಿ ಬಂತು, ರೆಕಾರ್ಡುಗಳು ಭರ್ಜರಿಯಾಗಿ ಮಾರಿದವು. ಜಾಝ್ ವಿಮರ್ಶಕರು ಮೂಗು ಮುರಿದರು. ಏಳು ಮಕ್ಕಳ ತಂದೆಯ ಮೇಲೆ ಆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ. 1968ರ ಜೂನ್ 15ರಂದು, ತಮ್ಮೂರಿನಲ್ಲೇ, ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 45.

ನನಗೀಗ 46. ಪುರುಸೊತ್ತಿಲ್ಲ, ವಯಸ್ಸಾಯಿತು, ಮೇಷ್ಟ್ರು ಸಿಗಲಿಲ್ಲ ಎಂಬ ನನ್ನ ನೆಪಗಳನ್ನೆಲ್ಲ ಅವರು ಒಂದೊಂದಾಗಿ ಕಸಿದುಕೊಂಡಿದ್ದಾರೆ. ಹಾಗೆಂದು ಅವರಂತೆ ನಿದ್ದೆಗೆಡುವ ಧೈರ್ಯ ನನಗಿಲ್ಲ, ಬಿಪಿ ಮಾತ್ರೆಯ ಡಬ್ಬಿ ಗಿಟಾರಿನ ಪಕ್ಕದಲ್ಲೇ ಇದೆ. ದಿನಕ್ಕೆ ಅರ್ಧ ಗಂಟೆ ಸಾಕೆಂದು ತೀರ್ಮಾನಿಸಿದ್ದೇನೆ. ಪಿಕ್ ಡ್ರಾಯರ್ ಸೇರಿದೆ, ಈಗ ಹೆಬ್ಬೆರಳಿನಲ್ಲೇ ಅಭ್ಯಾಸ. ಎಫ್ ಕಾರ್ಡ್ ಇನ್ನೂ ಕೂತಿಲ್ಲ. ಆದರೆ ಒಂದು ವಾರದಿಂದ ಕೆಳಗಿನ ಆಜೋಬಾರ ಕೋಲು ಸುಮ್ಮನಿದೆ.