ಸಾಲ ಮಾಡಿ ಓದಿದ ಬಾಬಾಸಾಹೇಬರು



ಡಾ. ಬಿ. ಆರ್. ಅಂಬೇಡ್ಕರ್ ಅವರು ಸಂವಿಧಾನ ಶಿಲ್ಪಿ ಎಂಬುದು ನಮಗೆಲ್ಲ ಗೊತ್ತು. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಅವರ ಫೋಟೋಗೆ ಹಾರ ಹಾಕುತ್ತೇವೆ. ಆದರೆ ಅವರ ಅಷ್ಟು ದೊಡ್ಡ ಓದಿಗೆ ದುಡ್ಡು ಎಲ್ಲಿಂದ ಬಂತು? ಅದನ್ನು ಇಲ್ಲಿ ತಿಳಿಯೋಣ.

ಅವರು 1891ರಲ್ಲಿ ಈಗಿನ ಮಧ್ಯಪ್ರದೇಶದ ಮಹೂ ಎಂಬಲ್ಲಿ ಜನಿಸಿದರು. ತಂದೆ ರಾಮಜಿಯವರು ಸೈನ್ಯದಲ್ಲಿ ಸುಬೇದಾರರಾಗಿದ್ದರು. ಮುಂಬಯಿಯಲ್ಲಿ ಕಾಲೇಜು ಓದುವಾಗ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಡುತ್ತಿದ್ದರು. 1912ರಲ್ಲಿ ಬಿ.ಎ. ಪಾಸಾದರು. 1913ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರು ಅವರನ್ನು ಅಮೆರಿಕಾಕ್ಕೆ ಓದಲು ಕಳಿಸಿದರು. ಆದರೆ ಪುಕ್ಕಟೆ ಅಲ್ಲ. ಓದು ಮುಗಿದ ಮೇಲೆ ಬರೋಡ ಸಂಸ್ಥಾನದಲ್ಲಿ 10 ವರ್ಷ ನೌಕರಿ ಮಾಡಬೇಕು ಅಂತ ಕರಾರು ಆಯಿತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಹಗಲು ರಾತ್ರಿ ಓದಿದರು. ಬಂದ ದುಡ್ಡಿನಲ್ಲೇ ಮನೆಗೂ ಕಳಿಸಬೇಕು, ಹಳೇ ಪುಸ್ತಕಗಳನ್ನೂ ಕೊಳ್ಳಬೇಕು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದರು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್ನಿಗೆ ಹೋದರು. ಮರುವರ್ಷ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಆಗ ಮೊದಲನೇ ಮಹಾಯುದ್ಧ ನಡೆದಿತ್ತು. ಅವರ ಪುಸ್ತಕಗಳಿದ್ದ ಹಡಗು ದಾಳಿಗೆ ಸಿಕ್ಕಿ ಮುಳುಗಿತು.

ಕರಾರಿನಂತೆ 1917ರಲ್ಲಿ ಬರೋಡದಲ್ಲಿ ನೌಕರಿಗೆ ಸೇರಿದರು. ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಕುಡಿಯಲು ನೀರಿಲ್ಲ. ಊರಲ್ಲಿ ಬಾಡಿಗೆಗೆ ಒಂದು ಕೋಣೆ ಕೂಡ ಸಿಗಲಿಲ್ಲ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಗೆ ಹಾಕಿದರು. ಅವರು ಮುಂಬಯಿಗೆ ಹಿಂತಿರುಗಿದರು. ಮುಂದೆ ಸಂಸ್ಥಾನವು ಕೊಟ್ಟ ಹಣವನ್ನು ವಾಪಸು ಕೇಳಿತು. ಗೆಳೆಯರೇ, ಯೋಚಿಸಿ ನೋಡಿ. ದುಡಿದು ಋಣ ತೀರಿಸಲು ಅವರು ತಯಾರಾಗಿಯೇ ಹೋಗಿದ್ದರು. ದುಡಿಯಲು ಬಿಡಲಿಲ್ಲ ಜಾತಿ. ಸಾಲ ಮಾತ್ರ ತಲೆ ಮೇಲೆ ಉಳಿಯಿತು!

1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ತಿಂಗಳಿಗೆ 450 ರೂಪಾಯಿ ಸಂಬಳ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಆದರೂ ಪರೇಲಿನ ಕೂಲಿಕಾರರ ಚಾಳಿನಲ್ಲಿ ಎರಡು ಕೋಣೆಯಲ್ಲೇ ಸಂಸಾರ. ಪತ್ನಿ ರಮಾಬಾಯಿಯವರು ಕೈಗೆ ಕೊಟ್ಟಷ್ಟರಲ್ಲೇ ಮನೆ ತೂಗಿಸಿದರು. ಉಳಿದದ್ದೆಲ್ಲ ಲಂಡನ್ನಿನ ಓದಿಗೆ ಎತ್ತಿಟ್ಟರು. ಆದರೂ ಸಾಕಾಗಲಿಲ್ಲ. ಗೆಳೆಯ ನವಲ್ ಭಥೇನಾ ಅವರು 5,000 ರೂಪಾಯಿ ಸಾಲ ಕೊಟ್ಟರು. ಕೊಲ್ಹಾಪುರದ ಶಾಹು ಮಹಾರಾಜರೂ ಸಹಾಯ ಮಾಡಿದರು.

1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬೆಳಿಗ್ಗೆ ಒಂದಿಷ್ಟು ತಿಂಡಿ ತಿಂದು ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಗೆ ಹೋದರೆ ಬಾಗಿಲು ಹಾಕುವ ತನಕ ಓದು. ಮಧ್ಯಾಹ್ನದ ಊಟ ಇಲ್ಲ ಅಂದರೂ ಆಯ್ತು. ಬಸ್ ಚಾರ್ಜು ಉಳಿಸಲು ನಡೆದೇ ಹೋಗುತ್ತಿದ್ದರು. ರಾತ್ರಿ ಹಸಿವಾದರೆ ಹಪ್ಪಳ ಸುಟ್ಟುಕೊಂಡು ತಿಂದು ಮತ್ತೆ ಪುಸ್ತಕ ಹಿಡಿಯುತ್ತಿದ್ದರು. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ಕೈ ಬರಿದಾಗಿ ಊರಿಗೆ ಬಂದರು. ಪ್ರಬಂಧವನ್ನು ಇಲ್ಲೇ ತಿದ್ದಿ ಕಳಿಸಿ ಅದೇ ವರ್ಷ ಡಿ.ಎಸ್ಸಿ. ಪಡೆದರು. ಆ ಪ್ರಬಂಧದ ವಿಷಯ ಏನು ಗೊತ್ತೇ? ರೂಪಾಯಿಯ ಸಮಸ್ಯೆ!

ಉಳಿತಾಯ ಒಳ್ಳೆಯದು. ಆದರೆ ಹಪ್ಪಳ ತಿಂದು ಉಳಿಸಿದರೂ ಬಡವರ ಮಕ್ಕಳ ಓದಿಗೆ ಅದೊಂದೇ ಸಾಲದು ಎಂಬುದನ್ನು ಅವರು ಅನುಭವಿಸಿ ತಿಳಿದಿದ್ದರು. ಆದ್ದರಿಂದಲೇ ವೈಸರಾಯರ ಮಂತ್ರಿಮಂಡಲದಲ್ಲಿದ್ದಾಗ ದಲಿತ ವಿದ್ಯಾರ್ಥಿಗಳಿಗೆ ಸರ್ಕಾರವೇ ಹಣ ಕೊಡಬೇಕೆಂದು ಒತ್ತಾಯಿಸಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಅದು ಇವತ್ತಿಗೂ ಇದೆ. ಅದು ಸಾಲವಲ್ಲ, ತೀರಿಸಬೇಕಾಗಿಲ್ಲ. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನೂ ತೆರೆದರು. 1956ರ ಡಿಸೆಂಬರ್ 6ರಂದು ನಿಧನರಾದರು.

ಗೆಳೆಯರೇ, ಹತ್ತನೇ ಕ್ಲಾಸು ಮುಗಿಸಿ ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಆ ಹಪ್ಪಳದ ರಾತ್ರಿಗಳನ್ನು ನೆನೆಯೋಣ. ದುಡ್ಡಿಲ್ಲ ಅಂತ ಶಾಲೆ ಬಿಡುವ ಗೆಳೆಯರಿದ್ದರೆ ಗುರುಗಳಿಗೆ ತಿಳಿಸೋಣ.