ಸೊನ್ನಲಿಗೆಯ ಸಿದ್ಧರಾಮೇಶ್ವರರೂ ಒಂದು ದಿನದ ಸಿಟ್ಟೂ



ಸಂಕ್ರಾಂತಿ ಹತ್ತಿರವಾಗುತ್ತಿದೆ. ಅದರೊಡನೆ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರ ಜಯಂತಿಯೂ ಬರುತ್ತದೆ. ಅವರು ಕಟ್ಟಿಸಿದ ಕೆರೆ, ಗುಡಿಗಳ ವಿಷಯವನ್ನು ನಾವು ಪ್ರತಿ ವರ್ಷವೂ ಹೇಳುತ್ತೇವೆ, ಕೇಳುತ್ತೇವೆ. ಈ ಸಲ ಅವರ ಸಿಟ್ಟಿನ ವಿಷಯವನ್ನು ಬರೆಯಬೇಕೆನಿಸಿತು. ಮಹಾತ್ಮರ ಸಿಟ್ಟಿನ ಮಾತು ನಮಗೇಕೆ ಎಂದು ಹಿರಿಯರು ಬೇಸರಿಸಬಾರದು. ನಮ್ಮ ಪೂರ್ವಿಕರೇ ಅದನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ.

ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಹೊಸೂರಿನಂತೆಯೇ ಗಡಿಯ ಆಚೆಗೆ ಉಳಿದ ಊರು ಅದು, ಈಗ ಮಹಾರಾಷ್ಟ್ರದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆ ಎಂಬ ಒಕ್ಕಲುತನದ ದಂಪತಿಗಳ ಮಗನಾಗಿ ಸಿದ್ಧರಾಮರು ಹುಟ್ಟಿದರು. ರಾಘವಾಂಕ ಕವಿಯು ಹದಿಮೂರನೆಯ ಶತಮಾನದಲ್ಲಿ ರಚಿಸಿದ ಸಿದ್ಧರಾಮಚರಿತ್ರೆಯಲ್ಲಿ ಅವರ ಬಾಲ್ಯದ ಕಥೆ ಬರುತ್ತದೆ. ಹುಡುಗ ಹೆಚ್ಚು ಮಾತನಾಡುತ್ತಿರಲಿಲ್ಲ. ನೋಡಿದವರು ಮಂದಬುದ್ಧಿ ಎಂದುಕೊಂಡರು. ದನ ಕಾಯುವ ಕೆಲಸಕ್ಕೆ ಹಚ್ಚಿದರು.

ಒಂದು ದಿನ ಹೊಲದಲ್ಲಿ ಜಂಗಮನೊಬ್ಬ ಎದುರಾಗಿ ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ. ಹುಡುಗ ಎಳೆಯ ತೆನೆ ಸುಟ್ಟು ಕೊಟ್ಟ. ಅದನ್ನು ತಿಂದ ಮಲ್ಲಯ್ಯ ಹೊಟ್ಟೆ ತಂಪಾಗಲು ಮಜ್ಜಿಗೆ ಬೇಕೆಂದ. ಹುಡುಗ ಮನೆಗೆ ಓಡಿ ತಂದು ನೋಡಿದರೆ ಮಲ್ಲಯ್ಯ ಇಲ್ಲ. ಅತ್ತುಕೊಂಡು ಹೊಲವೆಲ್ಲ ಹುಡುಕಿ, ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಬೆನ್ನುಹತ್ತಿ ಹೋದ. ಅಲ್ಲಿ ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದರೆ ಒಪ್ಪಲಿಲ್ಲ. ತನ್ನ ಕೈಯಿಂದ ತೆನೆ ತಿಂದ ಮಲ್ಲಯ್ಯನೇ ಬೇಕು. ಸಿಗದಿದ್ದಾಗ ಕಣಿವೆಗೆ ಹಾರಲು ನಿಂತ. ಆಗ ಮಲ್ಲಿಕಾರ್ಜುನನೇ ಬಂದು ಕೈಹಿಡಿದನೆಂದು ಕಥೆ.

ಈ ಕಥೆಯನ್ನು ಭಕ್ತಿಗಾಗಿ ಓದುತ್ತೇವೆ, ಸರಿ. ಆದರೆ ಹುಡುಗನ ಸ್ವಭಾವವನ್ನೂ ಗಮನಿಸಿ. ಮನಸ್ಸಿಗೆ ಬಂದದ್ದನ್ನು ಅರ್ಧಕ್ಕೆ ಬಿಡುವವರಲ್ಲ ಅವರು. ಅರೆಗಳಿಗೆಯಲ್ಲಿ ಪ್ರಾಣವನ್ನೇ ಕೊಡಲು ಸಿದ್ಧ. ಮುಂದೆ ಕೆರೆ ಕಟ್ಟಿಸಿದ್ದು ಈ ರಭಸವೇ, ಹಣೆಗಣ್ಣು ತೆರೆಯಿಸಿದ್ದೂ ಇದೇ ಎಂದು ನನ್ನ ಭಾವನೆ.

ಊರಿಗೆ ಮರಳಿದ ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದರು. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ದೊಡ್ಡ ಕೆರೆಯನ್ನು ತೋಡಿಸಿದರು. ಮಳೆ ಕಡಿಮೆಯ ಸೀಮೆಯಲ್ಲಿ ಕೆರೆಯೆಂದರೆ ಏನೆಂಬುದನ್ನು ನಮ್ಮ ರೈತ ಭಕ್ತರಿಗೆ ನಾನು ವಿವರಿಸಬೇಕಾಗಿಲ್ಲ. ದನಕರುಗಳಿಗೆ ನೀರಾಯಿತು, ಜನರಿಗೆ ಕೂಲಿಯಾಯಿತು. ಅವರ ಜೊತೆ ಗುದ್ದಲಿ ಹಿಡಿಯುವ ಶಿಷ್ಯರು ಗುಂಪು ಗುಂಪಾಗಿ ಸೇರಿದರು. ಸೊನ್ನಲಿಗೆಯಲ್ಲಿ ಸಿದ್ಧರಾಮರಿಗೆ ಕೈಮುಗಿಯದವರಿಲ್ಲ ಎಂಬಂತಾಯಿತು.

ಅಂಥ ಊರಿಗೆ ಅಲ್ಲಮಪ್ರಭುಗಳು ಬಂದರು. ಮುಂದಿನ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿದೆ. (ಶೂನ್ಯಸಂಪಾದನೆಯನ್ನು ಸಂಕಲಿಸಿದವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗದೇವರೂ ಒಬ್ಬರು. ಗುಮ್ಮಳಾಪುರದ ಹೆಸರು ಕೇಳಿದರೆ ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಭಕ್ತರ ಕಿವಿ ನಿಮಿರುತ್ತದೆಂದು ಬಲ್ಲೆ.) ಪ್ರಭುಗಳು ಕೆರೆಯ ಕೆಲಸ ನಡೆಯುವಲ್ಲಿಗೇ ಹೋಗಿ ನಿಂತು, ಶಿವಯೋಗಿ ಎನ್ನಲಿಲ್ಲ, ಗುರು ಎನ್ನಲಿಲ್ಲ, ಮಣ್ಣು ಹೊರುವ ಒಡ್ಡ ರಾಮನೆಲ್ಲಿ ಎಂಬ ಧಾಟಿಯಲ್ಲಿ ವಿಚಾರಿಸಿದರು.

ಸಿಟ್ಟು ಮೊದಲು ಬಂದದ್ದು ಸಿದ್ಧರಾಮರಿಗಲ್ಲ, ಅವರ ಕೆಲಸಗಾರರಿಗೆ. ಗುರುವಿಗೆ ಹೀಗೆಂದನಲ್ಲ ಎಂದು ಕೈಗೆ ಸಿಕ್ಕ ಕಲ್ಲುಗಳನ್ನು ಪ್ರಭುಗಳ ಮೇಲೆ ಎಸೆದರು. ಕಲ್ಲು ರಾಶಿಯಾಗಿ ಬಿತ್ತೇ ಹೊರತು ಪ್ರಭುಗಳಿಗೆ ತಾಗಲಿಲ್ಲ. ಆಮೇಲೆ ಸುದ್ದಿಯನ್ನು ಹೊತ್ತು ಗುರುವಿನ ಬಳಿಗೆ ಓಡಿದರು. ಓಡಿಕೊಂಡು ಬಂದವರ ಬಾಯಲ್ಲಿ ಸುದ್ದಿ ಹೇಗೆ ಉಬ್ಬುತ್ತದೆಂಬುದು ಬದುವಿನ ತಕರಾರು, ಮಂಡಿಯ ತೂಕದ ತಕರಾರು ಕಂಡ ನಮಗೆಲ್ಲ ಗೊತ್ತಿದೆ. ಸಿದ್ಧರಾಮರು ಬಿಸಿ ಸುದ್ದಿ ಕೇಳಿ ಬಿಸಿಯಾಗಿಯೇ ಬಂದರು. ಬಂದ ಅತಿಥಿ ಯಾರು, ಏಕೆ ಬಂದರು ಎಂದು ಕೇಳಲಿಲ್ಲ. ಹಣೆಗಣ್ಣನ್ನೇ ತೆರೆದರು. ಉರಿ ಎದ್ದಿತು. ಆದರೆ ಅದು ಪ್ರಭುಗಳನ್ನು ಸುಡಲಾರದೆ ಅವರ ಪಾದದಲ್ಲಿಯೇ ಅಡಗಿತು.

ಒಡ್ಡ ಎಂಬ ಮಾತಿನಲ್ಲಿ ಸುಳ್ಳೇನಿತ್ತು? ಅವರು ಮಣ್ಣು ಅಗೆಸುತ್ತಿದ್ದದ್ದು ನಿಜ. ಅದು ಪುಣ್ಯದ ಕೆಲಸವೆಂದು ಅವರೇ ನಂಬಿದ್ದರು. ಹಾಗಿದ್ದ ಮೇಲೆ ಆ ಕೆಲಸದ ಹೆಸರಿನಿಂದ ಕರೆದರೆ ಅವಮಾನವೇಕೆ ಆಗಬೇಕು? ಪ್ರಭುಗಳು ಮುಟ್ಟಿ ನೋಡಿದ್ದು ಅದನ್ನೇ. ಕೆರೆ ಊರಿನದಾಗಿತ್ತು, ನೀರು ದನಗಳದಾಗಿತ್ತು, ಕಟ್ಟಿಸಿದೆನೆಂಬುದು ಮಾತ್ರ ಇನ್ನೂ ತನ್ನದಾಗಿ ಉಳಿದಿತ್ತು. ಇಂದು ಭೋವಿ ಸಮಾಜದ ಬಂಧುಗಳು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಅಂದು ಯಾವ ಹೆಸರಿಗೆ ಉರಿ ಎದ್ದಿತೋ ಆ ಹೆಸರಿನ ಜನರೇ ಅವರನ್ನು ಎದೆಯಲ್ಲಿಟ್ಟುಕೊಂಡಿದ್ದಾರೆ.

ಇಲ್ಲಿ ನನ್ನದೊಂದು ಮಾತನ್ನು ಸೇರಿಸುತ್ತೇನೆ, ಓದುಗರು ಮನ್ನಿಸಬೇಕು. ಕಳೆದ ಶ್ರಾವಣದ ದಾಸೋಹ ಮುಗಿದ ಮೇಲೆ ಸಭೆಯಲ್ಲಿ ಜಮಾಖರ್ಚು ಓದುತ್ತಿದ್ದೆ. ಹಿರಿಯ ರೈತ ಭಕ್ತರೊಬ್ಬರು ಎದ್ದು, ತಾವು ಕೊಟ್ಟ ಅಕ್ಕಿಯ ಲೆಕ್ಕ ಎಲ್ಲಿದೆ ಎಂದು ಕೇಳಿದರು. ಕೇಳಿದ್ದಕ್ಕಲ್ಲ, ನನ್ನನ್ನು ಗುಮಾಸ್ತರೇ ಎಂದು ಕರೆದದ್ದಕ್ಕೆ ನನಗೆ ಮೈಯುರಿಯಿತು. ಬಿ.ಕಾಂ. ಓದಿ, ಒಂದು ಪೈಸೆ ಸಂಬಳವಿಲ್ಲದೆ ಮಠದ ಲೆಕ್ಕ ಬರೆಯುವವನು ನಾನು ಎಂದು ಏನೇನೋ ಕೂಗಾಡಿ ಪುಸ್ತಕ ಮುಚ್ಚಿ ಎದ್ದುಬಿಟ್ಟೆ. ವಾರದ ನಂತರ ತಾಳೆ ನೋಡಿದಾಗ, ಅವರ ಎರಡು ಮೂಟೆ ಇನ್ನೊಬ್ಬರ ಹೆಸರಿನಲ್ಲಿ ಜಮಾ ಆಗಿತ್ತು. ಬರೆದ ಕೈ ನನ್ನದೇ. ಅವರು ಅಂದಿನಿಂದ ಮಠಕ್ಕೆ ಬಂದಿಲ್ಲ. ಸಿದ್ಧರಾಮರ ಕಥೆಯನ್ನು ನಾನು ಮತ್ತೆ ತೆಗೆದು ಓದಿದ್ದು ಆಮೇಲೆಯೇ.

ಉರಿ ಅಡಗಿದ ಮೇಲೆ ಸಿದ್ಧರಾಮರು ಪ್ರಭುಗಳ ಪಾದಕ್ಕೆ ಬಿದ್ದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಮಂಗಳ ಹಾಡುತ್ತಾರೆ. ಆದರೆ ಅಲ್ಲಿಂದ ಮುಂದಿನ ಭಾಗವೇ ದೊಡ್ಡದು. ಪ್ರಭುಗಳಿಗೂ ಸಿದ್ಧರಾಮರಿಗೂ ದೀರ್ಘ ಸಂವಾದ ನಡೆಯಿತು. ಸಿದ್ಧರಾಮರು ಕೇಳಿದರು, ಅನುಮಾನಪಟ್ಟರು, ಮತ್ತೆ ಕೇಳಿದರು. ಬಳಿಕ ಪ್ರಭುಗಳೊಡನೆ ಕಲ್ಯಾಣಕ್ಕೆ ಹೊರಟರು. ತಾವು ಬಂದರೆ ಎಲ್ಲರೂ ಏಳುವ ಊರನ್ನು ಬಿಟ್ಟು, ತಾವೂ ಹಲವು ಶರಣರಲ್ಲಿ ಒಬ್ಬರಾಗಿ ಕೂರಬೇಕಾದ ಊರಿಗೆ ಹೋದರು. ಸಿಟ್ಟಿನವರಿಗೆ ಇದು ಸುಲಭದ ಪ್ರಯಾಣವಲ್ಲ.

ಕಲ್ಯಾಣದಲ್ಲಿ ಮತ್ತೊಂದು ಪರೀಕ್ಷೆ ಕಾದಿತ್ತು. ಸಿದ್ಧರಾಮರ ಮೈಮೇಲೆ ಇಷ್ಟಲಿಂಗವಿಲ್ಲ, ಇವರು ನಮ್ಮವರು ಹೇಗಾದಾರು ಎಂಬ ಪ್ರಶ್ನೆ ಶರಣರ ನಡುವೆಯೇ ಎದ್ದಿತು. ಸೊನ್ನಲಿಗೆಯಲ್ಲಿ ಕೇಳಿಸಿದ್ದು ಒಂದು ಮಾತು, ಅದೂ ಕೆಲಸಗಾರರ ಬಾಯಿಂದ. ಇಲ್ಲಿ ಎದುರಿಗೇ, ಬಸವಣ್ಣನವರಿದ್ದ ಸಭೆಯಲ್ಲಿ, ಅವರ ಯೋಗ್ಯತೆಯನ್ನೇ ಕೇಳಿದರು. ಸಿದ್ಧರಾಮರು ಸುಮ್ಮನೆ ತಲೆ ತಗ್ಗಿಸಲೂ ಇಲ್ಲ. ತಮ್ಮೊಳಗೇ ಲಿಂಗವಿರುವಾಗ ಹೊರಗಿನದೇಕೆ ಎಂದು ವಾದಿಸಿದರು. ಅಂದು ಹಣೆಗಣ್ಣು ತೆರೆದವರು ಇಂದು ಬಾಯಿ ತೆರೆದರು, ಕಿವಿಯನ್ನೂ ತೆರೆದರು. ಚೆನ್ನಬಸವಣ್ಣನವರು ಇನ್ನೂ ಎಳೆಯ ವಯಸ್ಸಿನವರು. ಅವರು ಒಂದೊಂದನ್ನೇ ಬಿಡಿಸಿ ಹೇಳಿದರು. ಸಿದ್ಧರಾಮರು ಒಪ್ಪಿ ಅವರ ಕೈಯಿಂದಲೇ ದೀಕ್ಷೆ ಪಡೆದರು. ಸಂಕಲನದಿಂದ ಸಂಕಲನಕ್ಕೆ ಈ ಭಾಗದಲ್ಲಿ ವ್ಯತ್ಯಾಸವಿದೆ, ಪಂಡಿತರು ಈಗಲೂ ಚರ್ಚಿಸುತ್ತಾರೆ. ನಮ್ಮ ಪರಂಪರೆಯಲ್ಲಿ ಉಳಿದು ಬಂದಿರುವುದು ಹೀಗೆ.

ಸಿಟ್ಟನ್ನು ನುಂಗಿಕೊಂಡು ಮೌನವಾಗುವವರನ್ನು ನಾವು ಶಾಂತಸ್ವಭಾವದವರೆಂದು ಹೊಗಳುತ್ತೇವೆ. ನುಂಗಿದ್ದು ಒಳಗೆ ಹುಳಿಯಾಗಿ, ಮನೆಗೆ ಬಂದ ಮೇಲೆ ಹೆಂಡತಿ ಮಕ್ಕಳ ಮೇಲೆ ಹೊರಬೀಳುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿದ್ಧರಾಮರು ಹಾಗೆ ನುಂಗಲಿಲ್ಲ. ಅವರ ರಭಸ ಕೊನೆಯವರೆಗೂ ಹೋಗಲಿಲ್ಲವೆಂದೇ ನನಗನ್ನಿಸುತ್ತದೆ. ಸಾವಿರಕ್ಕೂ ಮೀರಿ ದೊರೆತಿರುವ ಅವರ ವಚನಗಳು ಆ ರಭಸದಿಂದಲೇ ಬಂದಿರಬೇಕು. ಅವುಗಳಲ್ಲಿ ಪ್ರಭುಗಳನ್ನೂ ಬಸವಣ್ಣ ಚೆನ್ನಬಸವಣ್ಣರನ್ನೂ ಅವರು ಮತ್ತೆ ಮತ್ತೆ ನೆನೆಯುತ್ತಾರೆ. ತಮ್ಮನ್ನು ಕೆಣಕಿದವರನ್ನೂ ತಿದ್ದಿದವರನ್ನೂ ಹೀಗೆ ನೆನೆಯುವುದು ಎಷ್ಟು ಜನರಿಂದ ಸಾಧ್ಯ? ಅಲ್ಲಮರು ಮತ್ತು ಚೆನ್ನಬಸವಣ್ಣನವರ ನಂತರ ಶೂನ್ಯಪೀಠವನ್ನು ಏರಿದವರು ಅವರೇ ಎಂದು ಪರಂಪರೆ ಹೇಳುತ್ತದೆ.

ಕೊನೆಗೆ ಅವರು ಐಕ್ಯರಾದದ್ದು ತಮ್ಮ ಸೊನ್ನಲಿಗೆಯಲ್ಲಿಯೇ. ಕೆರೆಯ ನೀರಿನ ನಡುವೆ ಅವರ ಗುಡಿ ಇಂದಿಗೂ ಇದೆ. ಸಂಕ್ರಾಂತಿಯ ದಿನಗಳಲ್ಲಿ ಏಳು ಎತ್ತರದ ನಂದಿಧ್ವಜಗಳನ್ನು ಹೊತ್ತ ಭಕ್ತರು ಬೀದಿಗಳಲ್ಲಿ ಸಾಗುತ್ತಾರೆ, 68 ಲಿಂಗಗಳಿಗೆ ಎಣ್ಣೆ ಎರೆಯುತ್ತಾರೆ. ಸಿದ್ಧರಾಮರನ್ನೇ ಮದುವೆಯಾಗುವೆನೆಂದ ಕುಂಬಾರರ ಹೆಣ್ಣುಮಗಳನ್ನು ಅವರು ಗದರಿ ಕಳುಹಿಸದೆ, ತಮ್ಮ ಯೋಗದಂಡದೊಡನೆ ಮದುವೆ ಮಾಡಿಸಿದರಂತೆ. ಆ ನೆನಪಿಗೆ ಜಾತ್ರೆಯಲ್ಲಿ ಅಕ್ಷತೆಯೂ ಬೀಳುತ್ತದೆ. ಕನ್ನಡ, ಮರಾಠಿ, ತೆಲುಗು ಎಂಬ ಭೇದವಿಲ್ಲದೆ ಜನ ಸೇರುತ್ತಾರೆ.

ನಾನು ಈ ಸಂಕ್ರಾಂತಿಗೆ ಸೊಲ್ಲಾಪುರಕ್ಕೆ ಹೋಗಲಾರೆ. ತಿದ್ದಿದ ಜಮಾಖರ್ಚಿನ ಪುಸ್ತಕವನ್ನೂ ಒಂದು ಪೊಟ್ಟಣ ಎಳ್ಳುಬೆಲ್ಲವನ್ನೂ ಹಿಡಿದು ಆ ಹಿರಿಯರ ಮನೆಗೆ ಹೋಗಬೇಕಾಗಿದೆ. ಬಾಗಿಲಲ್ಲಿ ಅವರು ಮತ್ತೆ ಗುಮಾಸ್ತರೇ ಎಂದು ಕರೆದರೆ ಏನೆಂದು ಓಗೊಡಬೇಕೆಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.